ಬೋರಲಾಗದ ಗ್ಲಾಸು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕು ಅನ್ನುವುದೇ ಬಗೆಹರಿಯುತ್ತಿಲ್ಲ. ನೊರೆಯಿಂದಲೋ, ತಳದಿಂದಲೋ? ನೊರೆಯಿಂದ ಶುರುಮಾಡಿದರೆ ನೀವು ಮೂತಿ ಒರೆಸಿಕೊಂಡು ಮುಂದಿನ ಪುಟಕ್ಕೆ ಹೋಗುತ್ತೀರಿ. ತಳದಿಂದ ಶುರುಮಾಡೋಣವೆಂದರೆ ಗ್ಲಾಸು ಖಾಲಿಯಾಗಿರಬೇಕು. ಅದು ಖಾಲಿಯಾಗಿದ್ದರೆ ನಾನು ಇಲ್ಲಿ ಕೂತು ಉಗುರು ಕಚ್ಚುತ್ತಿರಲಿಲ್ಲ.

ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: "ಆ ಹೆಂಗಸು ಕ್ಯಾನಿನಿಂದ ನೊರೆಹಾಲನ್ನು ಬಿಯರಿನ ಟ್ಯಾಂಕಿಗೆ ಧಾರೆಯಾಗಿ ಸುರಿದಳು."

ಬರೆದು ಚುಕ್ಕಿ ಇಟ್ಟಿದ್ದೇ ತಡ, ಅವಳು ರಬ್ಬರ್ ಬೂಟಿನ ಸಮೇತ ವಾಕ್ಯದೊಳಗಿಂದ ಎದ್ದುಬಂದಳು.

"ರೀ ಕಥೆಗಾರರೇ, ಬಿಯರ್‌ಗೆ ಹಾಲು ಯಾರು ಹಾಕ್ತಾರ್ರೀ?"

"ಮಿಲ್ಕ್ ಸ್ಟೌಟ್ ಅಂತ ನೀವೇ ಹೆಸರಿಟ್ಟಿದ್ದೀರಲ್ಲ ತಾಯೀ?"

"ಹಾಕೋದು ಹಾಲಿನ ಸಕ್ಕರೆ. ಬಿಳೀ ಪುಡಿ. ಯೀಸ್ಟು ಬೇರೆ ಸಕ್ಕರೆನೆಲ್ಲ ತಿಂದು ತೇಗುತ್ತೆ, ಇದನ್ನ ಮಾತ್ರ ಮೂಸಿಯೂ ನೋಡಲ್ಲ. ಅದಕ್ಕೇ ಕೊನೇ ಗುಟುಕಿನ ತನಕ ಸಿಹಿ ಉಳಿಯೋದು. ಗೊತ್ತಿಲ್ಲದಿದ್ರೆ ಕೇಳ್ಕೊಂಡು ಬರೀರಿ. ಇವತ್ತು ಮೊದಲೇ ನನ್ನ ಎದೆ ಡವಡವ ಅಂತಿದೆ."

(ಬೈಸಿಕೊಂಡೆ. ಆದರೆ ಲಾಭವೂ ಆಯಿತು. ಅವಳ ಎದೆ ಡವಡವ ಅನ್ನುತ್ತಿದೆಯಂತೆ. ಸರಿ, ನೊರೆಯೂ ಬೇಡ, ತಳವೂ ಬೇಡ, ಆ ಡವಡವದಿಂದಲೇ ಶುರುವಾಗಲಿ.)

೨

ಒಂದೇ ಗೋದಾಮಿನ ಎರಡು ಕೋಣೆ. ನಡುವೆ ಒಂದು ಗೋಡೆ, ಗೋಡೆಗೊಂದು ಬಾಗಿಲು. ಈಚೆ ಕೋಣೆಯಲ್ಲಿ ಅವಳು ಬಿಯರ್ ಮಾಡುತ್ತಾಳೆ. ಇಲ್ಲಿ ನೆಲ ಯಾವಾಗಲೂ ಒದ್ದೆ, ಮೋರಿಯ ಜಾಲರಿಗೆ ಯಾವಾಗಲೂ ಬಾರ್ಲಿಯ ಸಿಪ್ಪೆ ಅಂಟಿರುತ್ತದೆ. ಆಚೆ ಕೋಣೆಯಲ್ಲಿ ಅವಳ ಗಂಡ ಕಾಫಿಬೀಜ ಹುರಿಯುತ್ತಾನೆ. ಅಲ್ಲಿ ನೆಲ ಒಣ. ನಡೆದರೆ ಬೀಜದ ಹೊಟ್ಟು ಹಾರುತ್ತದೆ. ಅವಳು ಅತ್ತ ಹೋದರೆ ಒದ್ದೆ ಹೆಜ್ಜೆ, ಅವನು ಇತ್ತ ಬಂದರೆ ಹೊಟ್ಟು. ಮದುವೆಯಾದ ಮೇಲಿನ ಜಗಳಗಳಲ್ಲಿ ಮುಕ್ಕಾಲು ಪಾಲು ಆ ಬಾಗಿಲಲ್ಲೇ ಹುಟ್ಟಿದವು. ರಾಜಿಯೂ ಅಲ್ಲೇ.

ಅವಳ ಬಿಯರು ಹೇಗೋ ಕಾಲೂರಿದೆ. ಅವನ ಕಾಫಿ ಇನ್ನೂ ಅಂಬೆಗಾಲು. ಅವನ ಅಣ್ಣನದು ಬೇರೆ ಊರಿನಲ್ಲಿ ದೊಡ್ಡ ಕಾಫಿಪುಡಿ ಕಾರ್ಖಾನೆ. ಬಂದು ಸೇರಿಕೋ ಅಂತ ಅಣ್ಣ ಕರೆಯುತ್ತಲೇ ಇದ್ದ. ಈ ಸಲ ಕರೆದಾಗ ಗಂಡ ಇಲ್ಲ ಅನ್ನಲಿಲ್ಲ.

"ಒಂದು ಮಾಡೋಣ," ಅಂದಿದ್ದ ಹೆಂಡತಿಗೆ, ಬಾಗಿಲಿಗೆ ಒರಗಿಕೊಂಡು. "ನಿನ್ನ ಬಿಯರು, ನನ್ನ ಕಾಫಿ, ಎರಡೂ ಸೇರಿಸಿ ಒಂದು ಸ್ಟೌಟು, ಕರೀ ಬಿಯರು. ಅದು ಚೆನ್ನಾಗಿ ಬಂತೋ, ನಾನಿಲ್ಲೇ ಇರ್ತೀನಿ. ಇಬ್ಬರ ಕೈ ಬಿದ್ದಿರೋ ಒಂದು ವಸ್ತೂನೂ ನೆಟ್ಟಗಾಗಲ್ಲ ಅಂದ್ರೆ ನಾನಿಲ್ಲಿ ಗೋಡೆ ಕಾಯೋದ್ಯಾಕೆ? ಹುರಿಯೋ ಮೆಷಿನ್ನು ಬಿಚ್ಚಿ ಲಾರಿಗೆ ಹಾಕ್ಕೊಂಡು ಅಣ್ಣನ ಹತ್ರ ಹೋಗ್ತೀನಿ. ವಾರಕ್ಕೊಂದ್ಸಲ ಬರ್ತೀನಿ."

"ವಾರಕ್ಕೊಂದ್ಸಲ ಬರೋಕೆ ನೀವೇನು ಸಂತೆನಾ?"

ಅವನು ನಕ್ಕ. ಅವಳು ನಗಲಿಲ್ಲ.

ಇವತ್ತು ಆ ಸ್ಟೌಟಿನ ರುಚಿ ನೋಡುವ ದಿನ. ಸಂಜೆ ಅಣ್ಣ ಫೋನು ಮಾಡುತ್ತಾನೆ. ಬರುತ್ತೀಯೋ, ಇಲ್ಲವೋ? ಒಂದು ಮಾತು ಹೇಳಬೇಕು.

(ನೋಡಿ, ಎಲ್ಲವನ್ನೂ ಮೊದಲೇ ಹೇಳಿಬಿಟ್ಟೆ. ಜಾಣ ಕಥೆಗಾರರು ಇದನ್ನು ಕೊನೆಗೆ ಬಚ್ಚಿಡುತ್ತಾರಂತೆ. ನನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇದರಿಂದ ಮುಂದೆ ಒಂದು ಅನಾಹುತವೂ ಆಗಲಿದೆ.)

೩

ರುಚಿ ನೋಡುವ ಮೇಜಿಗೆ ಅವಳದೊಂದು ಕಾನೂನಿದೆ. ಬೆಳಗಿನಿಂದ ಯಾರೂ ಈರುಳ್ಳಿ ತಿನ್ನಬಾರದು, ಕಾಫಿ ಕುಡಿಯಬಾರದು. ಗ್ಲಾಸು ಕೈಗೆ ಬಂದ ಮೇಲೆ ಮಾತಾಡಬಾರದು, ಮುಖದಲ್ಲೂ ಏನೂ ತೋರಿಸಬಾರದು. ಪೂರ್ತಿ ಕುಡಿದು ಮುಗಿಸಿದವರು ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಬೇಕು. ಎಲ್ಲ ಗ್ಲಾಸೂ ಬೋರಲಾದ ಮೇಲೆಯೇ ಬಾಯಿ ಬಿಡುವುದು; ಅದರಲ್ಲೂ ಎಲ್ಲರಿಗಿಂತ ಕೊನೆಗೆ ಬೋರಲು ಹಾಕಿದವರು ಮೊದಲು ಮಾತಾಡಬೇಕು. ತಡಮಾಡಿದವರಿಗೆ ಏನೋ ಸಿಕ್ಕಿರುತ್ತದೆ ಅನ್ನುವುದು ಅವಳ ಲೆಕ್ಕ.

ಯಾಕೆ ಇಷ್ಟೆಲ್ಲ? ಒಬ್ಬರು 'ಹುಳಿ' ಅಂದರೆ ಸಾಕು, ಉಳಿದವರ ನಾಲಿಗೆಯೂ ಹುಳಿಯಾಗಿಬಿಡುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೇಜಿನ ಸುತ್ತ ನಾಲ್ಕು ಜನ: ಅವಳು, ಗಂಡ, ಅತ್ತೆ, ಪ್ಲಂಬರ್. ಅತ್ತೆ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು, ಗಂಟಲಿನಲ್ಲಿ ಬಸ್ಸಿನ ಹಾರ್ನ್ ಇನ್ನೂ ಉಳಿದಿದೆ. ಪ್ಲಂಬರ್ ಇಲ್ಲಿನ ಪೈಪುಗಳನ್ನೆಲ್ಲ ನೋಡಿಕೊಳ್ಳುವವನು. ಪೈಪಿನ ಒಳಗೆ ಏನು ಹರಿಯುತ್ತದೆ ಅನ್ನುವುದನ್ನೂ ನೋಡಿಕೊಳ್ಳುತ್ತೇನೆ ಅಂತ ತಾನಾಗಿ ಕುರ್ಚಿ ಎಳೆದುಕೊಂಡವನು.

"ಮುಖದಲ್ಲೂ ತೋರಿಸಬಾರದು ಅಂದ್ರೆ ಹೇಗಮ್ಮಾ? ನನ್ನ ಮುಖ ಇರೋದೇ ಹೀಗೆ," ಅಂದಳು ಅತ್ತೆ.

"ಹೋದ ಸಲ ನೀವು ಹುಬ್ಬು ಹಾರಿಸಿದ್ದು ನೋಡಿ ನಾನು ಭೇಷ್ ಅಂದ್ಬಿಟ್ಟೆ ಅಮ್ಮಾ," ಅಂದ ಪ್ಲಂಬರ್. "ಆಮೇಲೆ ನೋಡಿದ್ರೆ ನಿಮಗೆ ಸೀನು ಬಂದಿತ್ತಂತೆ."

"ಸೀನನ್ನ ಹಿಡಿದಿಟ್ಕೊಂಡಿದ್ದೆ ಕಣೋ, ಕಾನೂನಿಗೆ ಬೆಲೆ ಕೊಟ್ಟು. ಇನ್ನೊಂಚೂರು ಆಗಿದ್ರೆ ಕಿವೀಲಿ ಬರ್ತಿತ್ತು."

"ಅತ್ತೇ, ಸುಮ್ನಿರಿ. ಬಗ್ಗಿಸ್ತಿದ್ದೀನಿ."

೪

ಅವಳು ಟ್ಯಾಂಕಿನ ನಲ್ಲಿ ತಿರುಗಿಸಿ ನಾಲ್ಕು ಗ್ಲಾಸಿಗೂ ಬಗ್ಗಿಸಿದಳು. ಕಪ್ಪು ಅಂದರೆ ಕಪ್ಪು, ಕಿಟಕಿಗೆ ಹಿಡಿದರೂ ಬೆಳಕು ನುಸುಳದು. ಅಂಚಿನಲ್ಲಿ ಮಾತ್ರ ಕೆಂಪು. ಮೇಲೆ ಕಂದು ನೊರೆ. ಅವಳು ಮೂಗಿನ ಹತ್ತಿರ ತಂದಳು. ಸುಟ್ಟ ಬ್ರೆಡ್ಡಿನ ಅಂಚು. ಕಹಿ ಚಾಕೊಲೇಟು. ಅದರ ಹಿಂದೆ ಕಾಫಿ, ಗಂಡನ ಅಂಗಿಯ ಕಾಫಿ, ಒಗೆದರೂ ಹೋಗದ ಆ ವಾಸನೆ. ಮೊದಲ ಗುಟುಕು. ಕೆನೆಯಂತೆ ನಾಲಿಗೆಯ ಮೇಲೆ ಜಾರಿತು. ಸಿಹಿ ಬಂದು ಕಹಿಯ ಕೈ ಹಿಡಿಯಿತು. ಅವಳ ಎದೆ ಹಗುರಾಯಿತು. ಉಳೀತು, ಎಲ್ಲ ಉಳೀತು ಅಂದುಕೊಳ್ಳುವಷ್ಟರಲ್ಲಿ, ಗಂಟಲಿನ ಹಿಂಬದಿಯಿಂದ ಏನೋ ಒಂದು ಹಸುರಾಗಿ ಎದ್ದು ಬಂತು.

(ಇಲ್ಲಿ ಒಂದು ಪದ ಬರಬೇಕು. ಬರೆಯಲೋ, ಬೇಡವೋ? ಪೆನ್ನು ಎತ್ತಿ ಹಿಡಿದುಕೊಂಡು ಒಂದು ಸುತ್ತು ಮನೆಯೊಳಗೆಲ್ಲ ಓಡಾಡಿ ಬಂದೆ. ಬರೆದೇಬಿಟ್ಟೆ.)

ದಪ್ಪ ಮೆಣಸಿನಕಾಯಿ. ಆಗಷ್ಟೇ ಚಾಕುವಿನಲ್ಲಿ ಸೀಳಿದ, ಒಳಗಿನ ಬಿಳಿ ಬೀಜ ಇನ್ನೂ ಒದ್ದೆಯಾಗಿರುವ ಹಸಿ ದಪ್ಪ ಮೆಣಸಿನಕಾಯಿ.

ಆಯಿತಲ್ಲ ಅನಾಹುತ! ನೀವಿನ್ನೂ ಗ್ಲಾಸು ಮುಟ್ಟಿಯೇ ಇಲ್ಲ, ಆಗಲೇ ನಿಮ್ಮ ಬಾಯಲ್ಲಿ ಹಸುರು. ಅವಳ ಕಾನೂನನ್ನು ಮೇಜಿನಲ್ಲಿ ಕೂತ ಯಾರೂ ಮುರಿಯಲಿಲ್ಲ. ಹೊರಗಿನವನಾದ ನಾನು ಮುರಿದೆ.

ಅವಳು ಮೆಲ್ಲಗೆ ಕಣ್ಣೆತ್ತಿದಳು. ಅತ್ತೆ ಗೋಡೆ ನೋಡುತ್ತಿದ್ದಳು, ಎದುರಿಗೆ ಕೆಂಪು ಸಿಗ್ನಲ್ ಬಿದ್ದವಳ ಹಾಗೆ. ಪ್ಲಂಬರ್ ಕಣ್ಣು ಮುಚ್ಚಿದ್ದ. ಗಂಡನ ಮುಖ ತೊಳೆದಿಟ್ಟ ತಟ್ಟೆಯಷ್ಟು ಖಾಲಿ, ಆದರೆ ಮೇಜಿನ ಕೆಳಗೆ ಅವನ ಕಾಲು ಕುಣಿಯುತ್ತಿತ್ತು. ಕಾಲಿಗೆ ಕಾನೂನು ಮಾಡಿರಲಿಲ್ಲ. ಆ ಕುಣಿತ ಖುಷಿಯದೋ, ಭಯದ್ದೋ? ಇಷ್ಟು ವರ್ಷ ಜೊತೆಗಿದ್ದು ಅದೊಂದು ತಿಳಿಯಬೇಡವೇ ಅಂತ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಟಪ್. ಅತ್ತೆಯ ಗ್ಲಾಸು ಬೋರಲಾಯಿತು. ಟಪ್. ಪ್ಲಂಬರನದು. ಸ್ವಲ್ಪ ತಡೆದು, ಶಬ್ದವೇ ಆಗದ ಹಾಗೆ, ಗಂಡನದು.

ಅವಳದು ಮಾತ್ರ ಉಳಿಯಿತು, ತಳದಲ್ಲಿ ದೊಡ್ಡದೊಂದು ಗುಟುಕು. ಕುಡಿದರೆ ಬೋರಲು ಹಾಕಬೇಕು. ಬೋರಲು ಹಾಕಿದರೆ ಮೊದಲ ಮಾತು ಅವಳದೇ. ಬಾಯಲ್ಲಿ ಬಿಸಿತುಪ್ಪ ಅನ್ನುತ್ತಾರಲ್ಲ, ನುಂಗಲೂ ಆಗದು, ಉಗುಳಲೂ ಆಗದು. ಇದು ತಣ್ಣನೆಯ ತುಪ್ಪ. ಅಷ್ಟೇ ವ್ಯತ್ಯಾಸ.

ತಣ್ಣಗೂ ಉಳಿಯಲಿಲ್ಲ ಅನ್ನಿ. ಸ್ಟೌಟು ಕೈಯ ಬಿಸಿಗೆ ಅರಳುವ ಬಿಯರು. ಅವಳು ಹಿಡಿದುಕೊಂಡಷ್ಟೂ ಅದು ಬೆಚ್ಚಗಾಗುತ್ತಿತ್ತು. ಬೆಚ್ಚಗಾದಷ್ಟೂ ಮೆಣಸಿನಕಾಯಿ ಗ್ಲಾಸಿನಿಂದ ತಲೆ ಎತ್ತಿ ನೋಡುತ್ತಿತ್ತು. ಯೋಚಿಸುವುದಕ್ಕೆಂದು ಅವಳು ತಡಮಾಡಿದರೆ, ತಡವೇ ಚಾಡಿ ಹೇಳುವ ಹಾಗಾಯಿತು.

ಇದಕ್ಕೆ ಕಾರಣ ಏನೆಂದು ಅವಳಿಗೆ ಗೊತ್ತು. ಗೊತ್ತು ಅಂತ ಅವಳು ಅಂದುಕೊಂಡಿದ್ದಾಳೆ. ಕಾಫಿಬೀಜವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಟ್ಯಾಂಕಿನೊಳಗೆ ಇಳಿಬಿಟ್ಟಿದ್ದರು. ಒಂದು ದಿನ ನೆನೆದರೆ ಸಾಕು, ತೆಗೆದುಬಿಡಬೇಕು; ಹೆಚ್ಚಾದರೆ ಬೀಜ ಹಸುರು ರುಚಿ ಬಿಡತೊಡಗುತ್ತದೆ. ಆ ಹೊತ್ತಿಗೆ ಗಂಡ ಅಣ್ಣನನ್ನು ನೋಡಲು ಹೋಗಿದ್ದ. ಅವಳು ಏಣಿ ಹತ್ತಿ ಹಗ್ಗಕ್ಕೆ ಕೈಹಾಕಿದವಳು ಹಾಗೇ ನಿಂತಳು. ಇಳಿಬಿಡುವಾಗ ಇಬ್ಬರೂ ಸೇರಿ ಇಳಿಬಿಟ್ಟಿದ್ದೆವು, ಎತ್ತುವಾಗಲೂ ಜೊತೆಗಿರಲಿ, ಅವನಿಗೆ ಖುಷಿಯಾಗುತ್ತೆ ಅನ್ನಿಸಿತು. ಏಣಿ ಇಳಿದಳು. ಅವನು ಮಾರನೆಯ ದಿನ ಸಂಜೆ ಬಂದ. ಇಬ್ಬರೂ ಸೇರಿ, ನಗುನಗುತ್ತಾ, ಚೀಲ ಎತ್ತಿದರು. ಹಿಂದಿನ ದಿನವೇ ಎತ್ತಬೇಕಿತ್ತು ಅಂತ ಅವಳು ಹೇಳಲಿಲ್ಲ.

೫

"ಕಥೆಗಾರರೇ." ತುಟಿ ಅಲುಗಿಸದೆ ಕರೆದಳು.

"ಹೇಳಿ ತಾಯೀ."

"ಆ ಪದ ಅಳಿಸಿಬಿಡಿ."

ಅಷ್ಟೇ ತಾನೇ! ನನ್ನ ಕೈಯಲ್ಲಿ ಆಗುವುದು ಅದೊಂದೇ. ಅಳಿಸಿದೆ. ಈಗ ವಾಕ್ಯ ಹೀಗಿದೆ: "ಆಗಷ್ಟೇ ಚಾಕುವಿನಲ್ಲಿ ಸೀಳಿದ, ಒಳಗಿನ ಬಿಳಿ ಬೀಜ ಇನ್ನೂ ಒದ್ದೆಯಾಗಿರುವ ಹಸಿ                ." ಅವಳು ಒಂದು ಹನಿ ನಾಲಿಗೆಗೆ ತಾಗಿಸಿಕೊಂಡಳು.

"ಇನ್ನೂ ಇದೆ."

"ಅಳಿಸಿದೆನಲ್ಲ?"

"ನೀವು ಅಳಿಸಿದ್ರಿ. ಓದಿದವರು ಅಳಿಸ್ತಾರಾ?"

(ಪ್ರಿಯ ಓದುಗರೇ, ದಯವಿಟ್ಟು ಸಹಕರಿಸಿ. ಒಂದು ಸಲ ಬಾಯಿ ಮುಕ್ಕಳಿಸಿ. ಆಗಲ್ಲವೇ? ನನಗೂ ಆಗುತ್ತಿಲ್ಲ.)

"ಏಲಕ್ಕಿ ಅಂತ ಬರೆಯಲೇ? ಅದೂ ಹಸುರೇ, ಗೌರವಸ್ಥ ಹಸುರು."

"ಏಲಕ್ಕಿ ಅಂತ ಬರೆದ್ರೆ ನನ್ನ ನಾಲಿಗೆಗೆ ಏಲಕ್ಕಿ ಅನ್ನಿಸುತ್ತೆ, ಟ್ಯಾಂಕಿಗೆ ಅನ್ನಿಸುತ್ತಾ? ನಾಳೆ ಇದನ್ನ ಕುಡಿಯೋರು ನಿಮ್ಮ ಕಥೆ ಓದ್ಕೊಂಡು ಬರ್ತಾರಾ? ಹೋಗ್ರೀ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆ ಇದೆ. ನಾನೂ ಹೆತ್ತಿದ್ದೀನಿ, ನನಗ್ಯಾಕೆ ಮುದ್ದು ಅನ್ನಿಸ್ತಿಲ್ಲ?"

ನಾನು ಪದವನ್ನು ಮತ್ತೆ ಬರೆದು, ಅದರ ಜಾಗದಲ್ಲಿ ಕೂರಿಸಿ, ಆಚೆ ಸರಿದೆ.

೬

ಗಂಡನ ಹತ್ತಿರ ಹೋದೆ. ಕಥೆ ಅವಳ ಪಕ್ಕದಲ್ಲೇ ನಿಂತು ಹೇಳುವಂಥದ್ದು, ಅವನ ಒಳಗೆ ಇಣುಕಬಾರದು ಅಂತ ನಾನೇ ಶಪಥ ಮಾಡಿದ್ದೆ. ಏನು ಮಾಡಲಿ, ಆ ಕಾಲು ಕುಣಿಯುವುದು ನಿಲ್ಲಲೇ ಇಲ್ಲ.

"ಏನಪ್ಪಾ, ಖುಷಿಯೋ?"

"ಖುಷಿ ಎಲ್ಲಿಂದ ಬಂತು ಸ್ವಾಮಿ. ದಪ್ಪ ಮೆಣಸಿನಕಾಯಿ."

"ನಿಮಗೂ?"

"ಮೊದಲ ಗುಟುಕಿಗೇ. ತಪ್ಪು ನಂದು." ಅವನೂ ತುಟಿ ಅಲುಗಿಸದೆ, ಹೆಂಡತಿಯ ಕಡೆ ನೋಡದೆ ಹೇಳಿದ. "ಹುರಿದ ಬೀಜಾನ ಕುದಿಸಿ, ರುಚಿ ನೋಡದೆ ನಾನು ಯಾರಿಗೂ ಕೊಟ್ಟವನಲ್ಲ. ಒಳಗೆ ಹಸಿ ಉಳಿದಿದ್ರೆ ಕುಡಿದಾಗಲೇ ಗೊತ್ತಾಗೋದು. ಇದಕ್ಕೆ ಅಂತ ಹುರಿದ ದಿನ ಇವಳದು ಇನ್ಯಾವುದೋ ಬಿಯರಿನ ರುಚಿ ನೋಡೋದಿತ್ತು. ಬೆಳಗಿಂದ ಕಾಫಿ ಕುಡೀಬಾರದು ಅಂತ ಕಾನೂನು. ಇವಳ ಕಾನೂನು ಒಂದ್ಸಲಾನೂ ಮುರಿದವನಲ್ಲ ನಾನು. ಮೂಗಿಗೆ ಚೆನ್ನಾಗಿಯೇ ಇತ್ತು, ಹಾಗೇ ಚೀಲಕ್ಕೆ ತುಂಬಿ ಕೊಟ್ಟೆ."

"ಈಗ ಹೇಳಿಬಿಡಿ ಮತ್ತೆ."

"ಹೇಗೆ ಹೇಳಲಿ? ಅವಳ ಗ್ಲಾಸು ಇನ್ನೂ ಬೋರಲಾಗಿಲ್ಲವಲ್ಲ!"

(ಈಗ ನೋಡಿ ನನ್ನ ಪಾಡು. ಅವಳು ಅವನಿಗಾಗಿ ತಡಮಾಡಿದಳು. ಅವನು ಅವಳಿಗಾಗಿ ಬಾಯಿ ಕಟ್ಟಿದ. ಹಸುರು ಬಂದದ್ದು ಬೀಜದಿಂದಲೋ, ಚೀಲದಿಂದಲೋ, ಎರಡೂ ಕೂಡಿಯೋ ನನಗೂ ತಿಳಿಯದು. ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿದೆ. ಹೊಟ್ಟೆಯಲ್ಲಿ ಮಾತು ನಿಲ್ಲದವನ ಹೊಟ್ಟೆಯಲ್ಲಿ!)

೮

ಏಳನ್ನು ಹರಿದುಹಾಕಿದೆ. ಅದರಲ್ಲಿ ಮೂರು ಮುಕ್ತಾಯಗಳಿದ್ದವು. ಯಾಕೆ ಹರಿದೆ ಅಂತ ಹೇಳಬೇಕಲ್ಲ.

ಮೊದಲನೆಯದರಲ್ಲಿ ಅವಳು ಗಟಗಟ ಕುಡಿದು, ಗ್ಲಾಸು ಬೋರಲು ಹಾಕಿ, "ತುಂಬಾ ಚೆನ್ನಾಗಿದೆ ರೀ" ಅಂದಳು. ಗಂಡ ಉಳಿದ. ಸ್ಟೌಟು ಅಂಗಡಿಗೆ ಹೋಯಿತು. ಓದಿ ತೋರಿಸಿದೆ. ಅವಳು ಕೇಳಿದಳು: "ಆಮೇಲೆ ಅವರು ದಿನಾ ನನ್ನ ಮುಖ ನೋಡಿ, ಇವಳು ಇನ್ನು ಯಾವುದಕ್ಕೆಲ್ಲ ಚೆನ್ನಾಗಿದೆ ಅಂದಿದ್ದಾಳೋ ಅಂತ ಯೋಚಿಸ್ತಾ ಕೂರ್ತಾರಲ್ಲ, ಅದನ್ನೂ ಬರೀತೀರಾ?" ಬರೆಯುವುದಿಲ್ಲ ಅಂದೆ.

ಎರಡನೆಯದರಲ್ಲಿ ಅವಳು ನಿಜ ಹೇಳಿದಳು. ಟ್ಯಾಂಕು ಬರಿದಾಗಿ ಮೋರಿಯ ತುಂಬ ಕಂದು ನೊರೆ. ಗೋದಾಮಿನ ಮುಂದೆ ಲಾರಿ. ಆಚೆ ಕೋಣೆಯಲ್ಲಿ ಮೆಷಿನ್ನು ನಿಂತಿದ್ದ ಜಾಗ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. ಬಾಗಿಲ ಬಳಿ ಬಿದ್ದ ಹೊಟ್ಟನ್ನು ಅವಳು ಗುಡಿಸಲೇ ಇಲ್ಲ. ಬರೆದು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಹಾರ್ನ್ ಬಡಿಯಿತು.

"ನನ್ನ ಮಗನ್ನ ಲಾರಿ ಹತ್ತಿಸೋಕೆ ನೀನ್ಯಾರೋ?" ಅತ್ತೆ. "ಗಂಡ ಹೆಂಡತಿ ಮಧ್ಯೆ ಬಂದು ಅತ್ತು ಕರೆದು ಹೆಸರು ಮಾಡ್ಕೊಳ್ಳೋಕೆ ನಾಚಿಕೆ ಆಗಲ್ವಾ? ನನ್ನ ಕೇಳಿದ್ರೆ ಆ ಬಿಯರಲ್ಲಿ—"

"ಅಮ್ಮಾ, ಕಾನೂನು!" ಅಂದೆ. ಅತ್ತೆ ಬಾಯಿ ಮುಚ್ಚಿದಳು, ಹಲ್ಲು ಕಡಿಯುತ್ತಾ.

ಮೂರನೆಯದು ನನ್ನ ಜಾಣತನದ್ದು. ತಪ್ಪು ಇಬ್ಬರದೂ ಅಲ್ಲ. ಯಾವುದೋ ಪೈಪು ಸರಿಯಾಗಿ ತೊಳೆದಿರಲಿಲ್ಲ. ಎಲ್ಲರೂ ನಕ್ಕು, ಗಂಡ ಹೆಂಡತಿ ಅಪ್ಪಿಕೊಂಡು, ಹೊಸ ಬಿಯರಿಗೆ ನೀರು ಕಾಯಿಸಿದರು. ಪ್ಲಂಬರ್ ಮುಚ್ಚಿದ ಕಣ್ಣು ತೆರೆದ.

"ಪೈಪು ತೊಳೆದವನು ನಾನು ಸ್ವಾಮಿ. ಕನ್ನಡಿ ಹಿಡಿದ್ರೆ ಮುಖ ಕಾಣಬೇಕು, ಹಾಗೆ ತೊಳೆದಿದ್ದೀನಿ. ನಿಮ್ಮ ಕಥೆ ದಡ ಸೇರಿಸೋಕೆ ನನ್ನ ತಲೆ ಮೇಲೆ ಕಾಲಿಡ್ತೀರಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕುಣಿಯಲಾರದವನು ನಾನೇ ಅಂತ ಒಪ್ಪಿಕೊಂಡು ಹರಿದೆ.

೯

ಹಾಗಾಗಿ ಈಗ ನನ್ನ ಹತ್ತಿರ ಮುಕ್ತಾಯ ಇಲ್ಲ. ಇರುವುದು ಮೇಜು, ಬಿಳಿ ಬಟ್ಟೆ, ಬೋರಲಾದ ಮೂರು ಗ್ಲಾಸು, ಅವಳ ಕೈಯಲ್ಲಿ ಒಂದು. ಪಕ್ಕದ ರಸ್ತೆಯಲ್ಲಿ ಯಾರೋ ಶಟರ್ ಎಳೆದ ಸದ್ದು. ಕಿಟಕಿಯ ಬೆಳಕು ಓರೆಯಾಗಿ ಟ್ಯಾಂಕಿನ ಹೊಟ್ಟೆಗೆ ಬಂದಿದೆ. ಅವಳ ಅಂಗೈ ಬೆವೆತು ಗ್ಲಾಸು ಜಾರುತ್ತಿದೆ. ಎದೆಯ ಸದ್ದು ಉಳಿದ ಮೂವರಿಗೂ ಕೇಳುತ್ತಿದೆಯೇನೋ ಅನ್ನುವ ಭಯ ಬೇರೆ.

ಶೆಲ್ಫಿನ ಮೇಲೆ ಗಂಡನ ಫೋನು ನಡುಗತೊಡಗಿತು. ಅಣ್ಣ. ಯಾರೂ ಎತ್ತುವಂತಿಲ್ಲ; ಮೇಜಿಗೆ ಕೂತವರು ಮಾತಾಡಬಾರದು. ಫೋನು ನಡುಗುತ್ತಾ ನಡುಗುತ್ತಾ ಅಂಚಿನ ಕಡೆ ಸರಿಯಿತು.

ಗಂಡ ಎದ್ದ. ಫೋನಿಗೆ ಹೋಗುತ್ತಾನೆ ಅಂತಲೇ ಅವಳು ಅಂದುಕೊಂಡಳು. (ನಾನೂ. ನಾನು ಇದನ್ನು ಬರೆಯುವವನಿರಲಿಲ್ಲ, ಅವನೇ ಎದ್ದ.) ಅವನು ಮೇಜಿನ ಸುತ್ತ ಬಳಸಿ ಅವಳ ಪಕ್ಕಕ್ಕೆ ಬಂದು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಗ್ಲಾಸು ತೆಗೆದುಕೊಂಡ. ಮೂಗಿಗೆ ಹಿಡಿದ. ಹುರಿಯುವ ಮೆಷಿನ್ನಿನ ಬಾಯಿಗೆ ಮೂಗಿಟ್ಟು ಬೀಜ ಆಯಿತೋ ಇಲ್ಲವೋ ಅಂತ ನೋಡುವಾಗ ಕಣ್ಣು ಮುಚ್ಚುತ್ತಾನಲ್ಲ, ಹಾಗೇ ಮುಚ್ಚಿದ. ಬಹಳ ಹೊತ್ತು ಮುಚ್ಚಿದ. ಆಮೇಲೆ ಅವಳ ಪಾಲಿನ ಆ ದೊಡ್ಡ ಗುಟುಕನ್ನು, ಒಂದು ಹನಿಯೂ ಉಳಿಸದೆ, ಕುಡಿದ. ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದ.

ಟಪ್.

ಎಲ್ಲ ಗ್ಲಾಸೂ ಬೋರಲು. ಈಗ ಯಾರು ಮೊದಲು ಮಾತಾಡಬೇಕು? ಕೊನೆಯ ಗ್ಲಾಸು ಅವಳದು, ಬೋರಲು ಹಾಕಿದ ಕೈ ಅವನದು. ಇಂಥದ್ದಕ್ಕೆ ಕಾನೂನಿನಲ್ಲಿ ಏನೂ ಇಲ್ಲ. ಇಬ್ಬರೂ ಅತ್ತೆಯ ಮುಖ ನೋಡಿದರು.

"ನನ್ನನ್ನೇನು ನೋಡ್ತೀರಿ? ಕಾನೂನು ಮಾಡಿದವಳು ಅವಳು. ಮುರಿದವನು ನೀನು. ನಾನು ರಿಟೈರಾದವಳು."

ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು:

"ಅವತ್ತು ನಾನು—"

ಇಬ್ಬರೂ ನಿಲ್ಲಿಸಿದರು.

"ನೀನು ಹೇಳು."

"ಇಲ್ಲ ರೀ, ನೀವು ಹೇಳಿ."

"ಗ್ಲಾಸು ನಿಂದು."

"ಕುಡಿದಿದ್ದು ನೀವು."

ಫೋನು ಶೆಲ್ಫಿನ ತುದಿಗೆ ಬಂದು, ಬೀಳದೆ, ಸುಮ್ಮನಾಯಿತು. ಅಣ್ಣ ಮತ್ತೆ ಮಾಡುತ್ತಾನೋ ಇಲ್ಲವೋ. ಬೋರಲು ಗ್ಲಾಸಿನ ಅಂಚಿನಿಂದ ಕಂದು ಬಣ್ಣ ಬಟ್ಟೆಗೆ ಇಳಿದು ಬಳೆಯಂತೆ ಹರಡುತ್ತಿದೆ. ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡಲು ನಾನೂ ಬಗ್ಗಿದ್ದೇನೆ.

"ಯಾರಾದ್ರೂ ಒಬ್ರು ಹೇಳ್ರಪ್ಪಾ," ಅಂದ ಪ್ಲಂಬರ್ ಮೂಗು ಹಿಡಿದುಕೊಂಡು. "ನನಗೆ ಸೀನು ಬರ್ತಾ ಇದೆ."

ಓದುಗರೇ, 'ಅವತ್ತು ನಾನು' ಆದ ಮೇಲೆ ಅವಳ ಬಾಯಲ್ಲಿ ಏನಿದೆ, ಅವನ ಬಾಯಲ್ಲಿ ಏನಿದೆ, ಎರಡೂ ನಿಮಗೆ ಗೊತ್ತು. ಅವರಿಗೆ ಅರ್ಧರ್ಧ ಗೊತ್ತು. ಈ ಒಂದು ಸಲ ನಾನು ಬಾಯಿ ಕಟ್ಟಿಕೊಳ್ಳುತ್ತೇನೆ. ಅವರ ಮಾತನ್ನು ಅವರಿಗಿಂತ ಮೊದಲು ಆಡಿ ಆ ಮೇಜನ್ನು ಇನ್ನೊಮ್ಮೆ ಕೆಡಿಸಲಾರೆ. ಚುಕ್ಕಿ ನನ್ನ ಹತ್ತಿರವೇ ಇದೆ, ಮುಷ್ಟಿಯೊಳಗೆ, ಬೆವೆತು ಒದ್ದೆಯಾಗಿ. ಇಡುವುದಿಲ್ಲ. ನೋಡಿ, ಅವಳು ಅವನ ತೋಳು ಹಿಡಿದುಕೊಂಡಳು; ಅವನು ಗಂಟಲು ಸರಿಮಾಡಿಕೊಂಡ; ಮತ್ತೆ ಇಬ್ಬರೂ ಒಟ್ಟಿಗೇ

ಅವತ್ತು ನಾನು